ಬೆಳೆಯುವ ಮಕ್ಕಳ ದೇಹದ ಕೊಬ್ಬಿನ ಅಳತೆ: ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳ ಪೋಷಕರಿಗೆ ಮಾಹಿತಿ

1. ಪೀಠಿಕೆ

ಅಂಗನವಾಡಿ ಕೇಂದ್ರಗಳಲ್ಲಿ ಆರು ವರ್ಷದೊಳಗಿನ ಮಕ್ಕಳ ತೂಕ ಮತ್ತು ಎತ್ತರವನ್ನು ಪ್ರತಿ ತಿಂಗಳು ಅಳೆದು ದಾಖಲಿಸಲಾಗುತ್ತದೆ. ಶಾಲೆಗೆ ಹೋಗುವ ಮಕ್ಕಳಿಗೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ನಡೆಯುತ್ತದೆ. ಈ ಅಳತೆಗಳ ಆಧಾರದ ಮೇಲೆಯೇ ಮಗುವನ್ನು ಸಾಮಾನ್ಯ, ಕೃಶ, ಕುಂಠಿತ ಅಥವಾ ಅತಿತೂಕ ಎಂದು ವರ್ಗೀಕರಿಸಲಾಗುತ್ತದೆ ಮತ್ತು ಅದಕ್ಕನುಗುಣವಾಗಿ ಸೌಲಭ್ಯ ಒದಗಿಸಲಾಗುತ್ತದೆ. ಆದ್ದರಿಂದ ಅಳತೆ ತಪ್ಪಿದಲ್ಲಿ ಸೌಲಭ್ಯವೂ ತಪ್ಪುವ ಸಂಭವವಿದೆ.

ಪೋಷಕರಲ್ಲಿ ಎರಡು ತಪ್ಪು ತಿಳುವಳಿಕೆಗಳು ಸಾಮಾನ್ಯವಾಗಿವೆ. ಮೊದಲನೆಯದು, ಗುಂಡಗಿರುವ ಮಗು ಆರೋಗ್ಯವಂತ ಮಗು ಎಂಬುದು. ಎರಡನೆಯದು, ತೆಳ್ಳಗಿರುವ ಮಗುವಿನಲ್ಲಿ ಕೊಬ್ಬು ಇರುವುದಿಲ್ಲ ಎಂಬುದು. ವಾಸ್ತವದಲ್ಲಿ ತಕ್ಕಡಿ ತೋರಿಸುವುದು ಮೂಳೆ, ಮಾಂಸಖಂಡ, ನೀರು ಮತ್ತು ಕೊಬ್ಬು ಸೇರಿದ ಒಟ್ಟು ತೂಕವನ್ನು. ಇವುಗಳಲ್ಲಿ ಕೊಬ್ಬಿನ ಪಾಲು ಎಷ್ಟು ಎಂಬುದನ್ನು ತೂಕವೊಂದರಿಂದಲೇ ತಿಳಿಯಲು ಸಾಧ್ಯವಿಲ್ಲ. ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳ ಪೋಷಕರು ಮಕ್ಕಳ ಅಳತೆಯ ದಾಖಲೆಯನ್ನು ಓದಿ ಅರ್ಥಮಾಡಿಕೊಂಡು, ಲಭ್ಯವಿರುವ ಸೇವೆಯನ್ನು ಸಕಾಲದಲ್ಲಿ ಪಡೆಯಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ.

2. ಬೆಳವಣಿಗೆಯಲ್ಲಿ ಕೊಬ್ಬಿನ ಸ್ಥಾನ

ಕೊಬ್ಬು ದೇಹಕ್ಕೆ ಅಗತ್ಯವಾದ ಅಂಶ. ಅದು ಶಕ್ತಿಯ ಸಂಗ್ರಹವಾಗಿದ್ದು, ಮಿದುಳಿನ ಬೆಳವಣಿಗೆಗೂ ಹದಿಹರೆಯದ ಬದಲಾವಣೆಗಳಿಗೂ ಬೇಕಾಗುತ್ತದೆ. ವಯಸ್ಕರಲ್ಲಿರುವಂತೆ ಮಕ್ಕಳಲ್ಲಿ ಕೊಬ್ಬಿನ ಪ್ರಮಾಣ ಹೆಚ್ಚು ಕಡಿಮೆ ಒಂದೇ ಆಗಿರುವುದಿಲ್ಲ. ವಯಸ್ಸಿಗೆ ತಕ್ಕಂತೆ ಅದು ಏರಿ ಇಳಿಯುತ್ತದೆ.

(ಅ) ದಿನ ತುಂಬಿ ಹುಟ್ಟಿದ ಮಗುವಿನ ತೂಕದಲ್ಲಿ ಸುಮಾರು ಏಳನೆಯ ಒಂದು ಭಾಗ ಕೊಬ್ಬು ಇರುತ್ತದೆ. ಆರು ತಿಂಗಳ ವೇಳೆಗೆ ಇದು ಸುಮಾರು ನಾಲ್ಕನೆಯ ಒಂದು ಭಾಗಕ್ಕೆ ಏರುತ್ತದೆ. ಆದ್ದರಿಂದ ಎದೆಹಾಲು ಕುಡಿಯುವ ಆರು ತಿಂಗಳ ಮಗುವಿನ ಕೈಕಾಲುಗಳಲ್ಲಿ ಮಡಿಕೆ ಬೀಳುವುದು ಸಹಜ. ಈ ಕಾರಣಕ್ಕಾಗಿ ಎದೆಹಾಲನ್ನು ಕಡಿಮೆ ಮಾಡಬಾರದು.

(ಆ) ನಡೆಯಲು ಕಲಿತ ನಂತರ ಐದಾರು ವರ್ಷದವರೆಗೆ ಮಗು ಎತ್ತರವಾಗುತ್ತಾ ತೆಳ್ಳಗಾಗುತ್ತದೆ. ಈ ಅವಧಿಯಲ್ಲಿ ಪಕ್ಕೆಲುಬು ಕಾಣುವುದು ಮಾತ್ರವೇ ಅಪೌಷ್ಟಿಕತೆಯ ಲಕ್ಷಣವಲ್ಲ.

(ಇ) ಐದಾರು ವರ್ಷದ ನಂತರ ಕೊಬ್ಬು ಮತ್ತೆ ಏರತೊಡಗುತ್ತದೆ. ಈ ಏರಿಕೆ ಮೂರು ನಾಲ್ಕು ವರ್ಷಕ್ಕೇ ಆರಂಭವಾದ ಮಕ್ಕಳಲ್ಲಿ ಮುಂದೆ ಬೊಜ್ಜು ಬರುವ ಸಂಭವ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ.

(ಈ) ಹದಿಹರೆಯದಲ್ಲಿ ಹೆಣ್ಣುಮಕ್ಕಳಿಗೆ ಕೊಬ್ಬಿನ ಪಾಲು ಹೆಚ್ಚುತ್ತದೆ. ಗಂಡುಮಕ್ಕಳಿಗೆ ಮಾಂಸಖಂಡ ಹೆಚ್ಚುತ್ತದೆ. ಋತುಮತಿಯಾಗುವ ಹೊತ್ತಿಗೆ ಹುಡುಗಿಯು ಮೈ ತುಂಬಿಕೊಳ್ಳುವುದು ಸಹಜ ಬೆಳವಣಿಗೆ. ಅದನ್ನು ಕಂಡು ಊಟ ಬಿಡಿಸುವುದು ಹಾನಿಕರ.

ಈ ಏರಿಳಿತದ ಕಾರಣದಿಂದ ಮಕ್ಕಳ ಅಳತೆಗೆ ವಯಸ್ಕರ ಮಿತಿಯನ್ನು ಅನ್ವಯಿಸಲಾಗದು. ವಯಸ್ಸು ಮತ್ತು ಲಿಂಗಕ್ಕೆ ಅನುಗುಣವಾದ ನಕ್ಷೆಯೊಂದಿಗೆ ಹೋಲಿಸಿಯೇ ಮಗುವಿನ ಅಳತೆಯನ್ನು ನೋಡಬೇಕಾಗುತ್ತದೆ.

3. ಬಳಕೆಯಲ್ಲಿರುವ ನಕ್ಷೆಗಳು

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಮೊದಲ ಯೋಜನೆ ಕಾರ್ಯಗತವಾಯಿತು. ಹಿಂದೆ ಅಂಗನವಾಡಿಗಳಲ್ಲಿ ವಯಸ್ಸಿಗೆ ತಕ್ಕ ತೂಕವನ್ನು ಮಾತ್ರ ನೋಡಿ, ಸಾಮಾನ್ಯ ಹಾಗೂ ಒಂದರಿಂದ ನಾಲ್ಕನೇ ದರ್ಜೆಯ ಅಪೌಷ್ಟಿಕತೆ ಎಂದು ವಿಂಗಡಿಸಲಾಗುತ್ತಿತ್ತು. ಈ ಪದ್ಧತಿಯಲ್ಲಿ ಎತ್ತರ ಗಣನೆಗೆ ಬರುತ್ತಿರಲಿಲ್ಲ. ಕುಳ್ಳಾಗಿರುವ ಮಗು ಮತ್ತು ಸೊರಗಿರುವ ಮಗು ಇಬ್ಬರೂ ಒಂದೇ ದರ್ಜೆಯಲ್ಲಿ ಸೇರುತ್ತಿದ್ದರು. ಅತಿಯಾದ ಕೊಬ್ಬು ಇರುವ ಮಗುವನ್ನು ಗುರುತಿಸಲು ಅವಕಾಶವೇ ಇರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಐದು ವರ್ಷದೊಳಗಿನ ಮಕ್ಕಳ ಬೆಳವಣಿಗೆಯ ಮಾನದಂಡಗಳನ್ನು ಪ್ರಕಟಿಸಿತು. ಭಾರತ, ಬ್ರೆಜಿಲ್, ಘಾನಾ, ನಾರ್ವೆ, ಒಮಾನ್ ಮತ್ತು ಅಮೆರಿಕಾ ದೇಶಗಳಲ್ಲಿ ಎದೆಹಾಲು ಕುಡಿದು ಉತ್ತಮ ಪರಿಸರದಲ್ಲಿ ಬೆಳೆದ ಮಕ್ಕಳನ್ನು 1997ರಿಂದ 2003ರವರೆಗೆ ಅಳೆದು ಇವುಗಳನ್ನು ಸಿದ್ಧಪಡಿಸಲಾಯಿತು. ಭಾರತದ ಅಂಗನವಾಡಿಗಳಲ್ಲಿ ಈ ಮಾನದಂಡಗಳನ್ನು 2008ರಲ್ಲಿ ಅಳವಡಿಸಿಕೊಳ್ಳಲಾಯಿತು. 5ರಿಂದ 19 ವರ್ಷದವರಿಗೆ ಇದೇ ಸಂಸ್ಥೆಯ 2007ರ ನಕ್ಷೆಯಿದೆ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯು 5ರಿಂದ 18 ವರ್ಷದವರಿಗಾಗಿ 2015ರಲ್ಲಿ ಪರಿಷ್ಕರಿಸಿದ ನಕ್ಷೆಯನ್ನೂ ವೈದ್ಯರು ಬಳಸುತ್ತಾರೆ.

ನಕ್ಷೆಯಲ್ಲಿ ಮಧ್ಯದ ರೇಖೆಯು ಆ ವಯಸ್ಸಿನ ಮಕ್ಕಳ ಮಧ್ಯಮ ಮೌಲ್ಯವನ್ನು ತೋರಿಸುತ್ತದೆ. ಅದರ ಮೇಲೆ +1, +2, +3 ಮತ್ತು ಕೆಳಗೆ −1, −2, −3 ಎಂದು ಗುರುತಿಸಿದ ರೇಖೆಗಳು ಮಗು ಮಧ್ಯಮ ಮೌಲ್ಯದಿಂದ ಎಷ್ಟು ದೂರವಿದೆ ಎಂಬುದನ್ನು ಸೂಚಿಸುತ್ತವೆ. ಗಂಡುಮಕ್ಕಳ ನಕ್ಷೆ ನೀಲಿ ಬಣ್ಣದಲ್ಲೂ ಹೆಣ್ಣುಮಕ್ಕಳ ನಕ್ಷೆ ಗುಲಾಬಿ ಬಣ್ಣದಲ್ಲೂ ಇರುತ್ತದೆ.

4. ಅಳತೆಯ ವಿಧಾನಗಳು

4.1 ಎತ್ತರಕ್ಕೆ ತಕ್ಕ ತೂಕ (ಐದು ವರ್ಷದೊಳಗಿನ ಮಕ್ಕಳಿಗೆ)

ಮಗುವಿನ ತೂಕವನ್ನು ಅದೇ ಎತ್ತರದ ಮಕ್ಕಳ ತೂಕದೊಂದಿಗೆ ಹೋಲಿಸಲಾಗುತ್ತದೆ. −2 ರೇಖೆಗಿಂತ ಕೆಳಗಿದ್ದರೆ ಕೃಶತೆ, −3 ರೇಖೆಗಿಂತ ಕೆಳಗಿದ್ದರೆ ತೀವ್ರ ಕೃಶತೆ, +2 ರೇಖೆಗಿಂತ ಮೇಲಿದ್ದರೆ ಅತಿತೂಕ, +3 ರೇಖೆಗಿಂತ ಮೇಲಿದ್ದರೆ ಬೊಜ್ಜು ಎಂದು ಪರಿಗಣಿಸಲಾಗುತ್ತದೆ.

4.2 ದೇಹ ತೂಕ ಸೂಚ್ಯಂಕ (ಐದು ವರ್ಷ ಮೀರಿದ ಮಕ್ಕಳಿಗೆ)

ತೂಕವನ್ನು ಕಿಲೋಗ್ರಾಂನಲ್ಲಿ ಬರೆದುಕೊಂಡು, ಮೀಟರ್‌ನಲ್ಲಿರುವ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಸೂಚ್ಯಂಕ ದೊರೆಯುತ್ತದೆ. ಬೆಲ್ಜಿಯಂ ದೇಶದ ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟ್ಲೆ 19ನೇ ಶತಮಾನದಲ್ಲಿ ರೂಪಿಸಿದ ಈ ಲೆಕ್ಕಕ್ಕೆ 1972ರಲ್ಲಿ ಇಂದಿನ ಹೆಸರು ಬಂದಿತು. ವಿಶ್ವ ಆರೋಗ್ಯ ಸಂಸ್ಥೆಯ ನಕ್ಷೆಯಂತೆ −2 ರೇಖೆಗಿಂತ ಕೆಳಗೆ ಕೃಶತೆ, +1 ರೇಖೆಗಿಂತ ಮೇಲೆ ಅತಿತೂಕ ಮತ್ತು +2 ರೇಖೆಗಿಂತ ಮೇಲೆ ಬೊಜ್ಜು. ಮೂರು ವಯಸ್ಸುಗಳ ಮಿತಿಗಳು ಕ್ರಮವಾಗಿ ಈ ಕೆಳಕಂಡಂತಿವೆ.

7 ವರ್ಷ, ಗಂಡು: 13.1, 17.0, 19.0
7 ವರ್ಷ, ಹೆಣ್ಣು: 12.7, 17.3, 19.8
10 ವರ್ಷ, ಗಂಡು: 13.7, 18.5, 21.4
10 ವರ್ಷ, ಹೆಣ್ಣು: 13.5, 19.0, 22.6
15 ವರ್ಷ, ಗಂಡು: 16.0, 22.7, 27.0
15 ವರ್ಷ, ಹೆಣ್ಣು: 15.9, 23.5, 28.2

ಉದಾಹರಣೆ: ಹತ್ತು ವರ್ಷದ ಮೂವರು ಹುಡುಗಿಯರ ತೂಕವೂ 29 ಕಿಲೋಗ್ರಾಂ ಎಂದಿಟ್ಟುಕೊಳ್ಳಬಹುದು. 144 ಸೆಂಟಿಮೀಟರ್ ಎತ್ತರದವಳ ಸೂಚ್ಯಂಕ 14.0; ಅವಳು ತೆಳ್ಳಗಿದ್ದರೂ ಸಾಮಾನ್ಯ ಮಿತಿಯೊಳಗಿದ್ದಾಳೆ. 132 ಸೆಂಟಿಮೀಟರ್ ಎತ್ತರದವಳದು 16.6, ಇದು ಮಧ್ಯಮ ಮೌಲ್ಯ. 122 ಸೆಂಟಿಮೀಟರ್ ಎತ್ತರದವಳದು 19.5, ಅವಳು ಅತಿತೂಕದ ವರ್ಗಕ್ಕೆ ಸೇರುತ್ತಾಳೆ. ಇದೇ ಹುಡುಗಿಯ ಎತ್ತರವೂ ವಯಸ್ಸಿಗೆ ಇರಬೇಕಾದುದಕ್ಕಿಂತ ಬಹಳ ಕಡಿಮೆ. ಹೀಗೆ ಒಂದೇ ಮಗುವಿನಲ್ಲಿ ಕುಂಠಿತ ಬೆಳವಣಿಗೆಯೂ ಅತಿತೂಕವೂ ಕಂಡುಬರಬಹುದು. ಇಂತಹ ಮಗುವಿಗೆ ಊಟ ಕಡಿಮೆ ಮಾಡಿದರೆ ಎತ್ತರಕ್ಕೆ ಮತ್ತಷ್ಟು ಹೊಡೆತ ಬೀಳುತ್ತದೆ. ಆದ್ದರಿಂದ ಮೊದಲು ವೈದ್ಯರಿಗೆ ತೋರಿಸಿ ಕಾರಣ ತಿಳಿಯುವುದು ಅವಶ್ಯ.

ಸೂಚ್ಯಂಕವೂ ಕೊಬ್ಬನ್ನು ನೇರವಾಗಿ ಅಳೆಯುವುದಿಲ್ಲ. ಕಬಡ್ಡಿ ಆಡಿ ಮಾಂಸಖಂಡ ಬೆಳೆಸಿಕೊಂಡ ಹುಡುಗನ ಸೂಚ್ಯಂಕವೂ, ಕುಳಿತಲ್ಲೇ ಕೂರುವ ಹುಡುಗನ ಸೂಚ್ಯಂಕವೂ ಒಂದೇ ಆಗಿರಬಹುದು. ಅದು ಮುಂದಿನ ಪರೀಕ್ಷೆ ಯಾರಿಗೆ ಬೇಕು ಎಂಬುದನ್ನು ಸೂಚಿಸುವ ಸಾಧನ ಮಾತ್ರ.

4.3 ತೋಳಿನ ಸುತ್ತಳತೆ

6ರಿಂದ 59 ತಿಂಗಳ ಮಕ್ಕಳಿಗೆ ಭುಜ ಮತ್ತು ಮೊಣಕೈಗಳ ನಡುವಿನ ಮಧ್ಯಭಾಗದಲ್ಲಿ ಪಟ್ಟಿಯಿಂದ ಸುತ್ತಳತೆ ನೋಡಲಾಗುತ್ತದೆ. 11.5 ಸೆಂಟಿಮೀಟರ್‌ಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ, 11.5ರಿಂದ 12.5ರ ಒಳಗಿದ್ದರೆ ಸಾಧಾರಣ ಅಪೌಷ್ಟಿಕತೆ. ತಕ್ಕಡಿ ಇಲ್ಲದ ಸ್ಥಳದಲ್ಲಿ ಇದು ಉಪಯುಕ್ತ. ಎರಡೂ ಪಾದಗಳಲ್ಲಿ ಬಾವು ಇದ್ದು ಒತ್ತಿದಾಗ ಗುಳಿ ಬೀಳುತ್ತಿದ್ದರೆ, ಅಳತೆ ಎಷ್ಟೇ ಇದ್ದರೂ ಅದು ತೀವ್ರ ಅಪೌಷ್ಟಿಕತೆಯ ಲಕ್ಷಣವಾಗಿರಬಹುದು. ಬಾವಿನ ನೀರು ತೂಕವನ್ನು ಹೆಚ್ಚಿಸಿ ತೋರಿಸುವುದರಿಂದ ಇಂತಹ ಮಗುವನ್ನು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

4.4 ಚರ್ಮದ ಮಡಿಕೆಯ ದಪ್ಪ

ದೇಹದ ಕೊಬ್ಬಿನ ಗಣನೀಯ ಭಾಗ ಚರ್ಮದ ಕೆಳಗೆ ಇರುತ್ತದೆ. ತೋಳಿನ ಹಿಂಭಾಗದಲ್ಲಿ ಮತ್ತು ಬೆನ್ನಿನ ರೆಕ್ಕೆಯೆಲುಬಿನ ಕೆಳತುದಿಯ ಬಳಿ ಚರ್ಮವನ್ನು ಕೊಬ್ಬಿನೊಂದಿಗೆ ಬೆರಳುಗಳಿಂದ ಎತ್ತಿ ಹಿಡಿದು, ಕ್ಯಾಲಿಪರ್ ಎಂಬ ಚಿಮುಟದಂತಹ ಉಪಕರಣದಿಂದ ಮಿಲಿಮೀಟರ್‌ಗಳಲ್ಲಿ ಅಳೆಯಲಾಗುತ್ತದೆ. ಮಗುವಿಗೆ ನೋವಾಗುವುದಿಲ್ಲ. ಒಂದೇ ಜಾಗದಲ್ಲಿ ಎರಡು ಮೂರು ಬಾರಿ ಅಳೆದು ಸರಾಸರಿ ತೆಗೆಯುವುದು ವಾಡಿಕೆ. ತೋಳಿನ ಅಳತೆ ಕೈಕಾಲುಗಳ ಕೊಬ್ಬನ್ನೂ, ಬೆನ್ನಿನ ಅಳತೆ ಮುಂಡದ ಭಾಗದ ಕೊಬ್ಬನ್ನೂ ಸೂಚಿಸುತ್ತದೆ. ಮುಂದೆ ಮಧುಮೇಹ ಮತ್ತು ಹೃದ್ರೋಗದ ಸಂಭವಕ್ಕೆ ಮುಂಡದ ಕೊಬ್ಬಿಗೇ ಹೆಚ್ಚಿನ ನಂಟು. ಅಳೆಯುವವರಿಗೆ ತರಬೇತಿ ಇಲ್ಲದಿದ್ದರೆ ಫಲಿತಾಂಶ ಬಹಳ ವ್ಯತ್ಯಾಸವಾಗುತ್ತದೆ. ಆದಕಾರಣ ಇದು ಅಂಗನವಾಡಿಯ ನಿತ್ಯದ ಅಳತೆಗಳಲ್ಲಿ ಸೇರಿಲ್ಲ. ಕೇಂದ್ರ ಸರ್ಕಾರದ 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮಡಿಕೆಯ ದಪ್ಪವನ್ನೂ ಅಳೆಯಲಾಗಿತ್ತು.

4.5 ಸೊಂಟದ ಸುತ್ತಳತೆ

ಕೆಳಗಿನ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲ್ತುದಿಯ ನಡುವೆ, ಮಗು ಸಹಜವಾಗಿ ಉಸಿರು ಬಿಟ್ಟಾಗ ಅಳೆಯಬೇಕು. ಆರು ವರ್ಷ ಮೀರಿದ ಮಗುವಿನ ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕೆಂಬುದು ಸುಲಭವಾದ ಸ್ಥೂಲ ನಿಯಮ. 132 ಸೆಂಟಿಮೀಟರ್ ಎತ್ತರದ ಮಗುವಿಗೆ ಈ ಮಿತಿ 66 ಸೆಂಟಿಮೀಟರ್. ಇದನ್ನು ಮನೆಯಲ್ಲಿಯೇ ದರ್ಜಿಯ ಟೇಪಿನಿಂದ ನೋಡಬಹುದು.

4.6 ಯಂತ್ರಗಳು

ಬರಿಗಾಲಲ್ಲಿ ನಿಂತಾಗ ಕೊಬ್ಬಿನ ಶೇಕಡಾ ಪ್ರಮಾಣ ತೋರಿಸುವ ವಿದ್ಯುನ್ಮಾನ ತಕ್ಕಡಿಗಳು ಮಾರುಕಟ್ಟೆಯಲ್ಲಿವೆ. ಇವು ಅತ್ಯಲ್ಪ ವಿದ್ಯುತ್ ಹರಿಸಿ ದೇಹದ ನೀರಿನಂಶವನ್ನು ಅಂದಾಜು ಮಾಡಿ, ಸೂತ್ರದ ಮೂಲಕ ಕೊಬ್ಬನ್ನು ಲೆಕ್ಕ ಹಾಕುತ್ತವೆ. ಸೂತ್ರವು ವಯಸ್ಕರದಾಗಿದ್ದಲ್ಲಿ ಮಕ್ಕಳಿಗೆ ಹೊಂದುವುದಿಲ್ಲ. ಮಗು ನೀರು ಕುಡಿದಿದ್ದರೂ, ಬೆವರಿದ್ದರೂ, ಜ್ವರವಿದ್ದರೂ ಸಂಖ್ಯೆ ಬದಲಾಗುತ್ತದೆ. ಎಕ್ಸ್-ಕಿರಣ ಆಧಾರಿತ ಡೆಕ್ಸಾ ಪರೀಕ್ಷೆ ಮತ್ತು ಭಾರಜಲವನ್ನು ಕುಡಿಸಿ ಜೊಲ್ಲು ಪರೀಕ್ಷಿಸುವ ವಿಧಾನಗಳು ಹೆಚ್ಚು ನಿಖರವಾಗಿದ್ದು, ಬಹುತೇಕ ಸಂಶೋಧನೆಯಲ್ಲಿ ಬಳಕೆಯಾಗುತ್ತವೆ. ಸಾಮಾನ್ಯ ಮಗುವಿಗೆ ಇವುಗಳ ಅಗತ್ಯವಿಲ್ಲ.

5. ಮೈಸೂರಿನ ಅಧ್ಯಯನ ತಿಳಿಸುವ ಸಂಗತಿ

ಮೈಸೂರಿನ ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ನವಜಾತ ಶಿಶುಗಳ ತೂಕ, ಉದ್ದ ಮತ್ತು ತಲೆಯ ಸುತ್ತಳತೆಯನ್ನು ದಾಖಲಿಸಿಡಲಾಗಿತ್ತು. 1934ರಿಂದ 1954ರ ಅವಧಿಯಲ್ಲಿ ಅಲ್ಲಿ ಜನಿಸಿದ 517 ಮಂದಿಯನ್ನು ಹಲವು ದಶಕಗಳ ನಂತರ ಪತ್ತೆಹಚ್ಚಿ ಪರೀಕ್ಷಿಸಿದಾಗ, ಹುಟ್ಟುವಾಗ ಸಣ್ಣಗಿದ್ದವರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡುಬಂದಿತು. ಈ ವರದಿ 1996ರಲ್ಲಿ ಪ್ರಕಟವಾಯಿತು.

ಅದೇ ಆಸ್ಪತ್ರೆಗೆ 1997–98ರಲ್ಲಿ ಬಂದ ಗರ್ಭಿಣಿಯರ ಮಕ್ಕಳನ್ನು ಹುಟ್ಟಿನಿಂದಲೇ ಕ್ರಮವಾಗಿ ಅಳೆಯುವ ಮತ್ತೊಂದು ಅಧ್ಯಯನ ಆರಂಭವಾಯಿತು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದಂತೆ, ಬ್ರಿಟನ್ನಿನ ಮಕ್ಕಳಿಗೆ ಹೋಲಿಸಿದರೆ ಮೈಸೂರಿನ ಮಕ್ಕಳು ತೂಕದಲ್ಲೂ ಮಾಂಸಖಂಡದಲ್ಲೂ ಕಡಿಮೆ ಇದ್ದರು. ಆದರೆ ಬೆನ್ನಿನ ಚರ್ಮದ ಮಡಿಕೆ ಹುಟ್ಟುವಾಗ ಅಷ್ಟಾಗಿ ಕಡಿಮೆ ಇರಲಿಲ್ಲ, ನಾಲ್ಕನೇ ವರ್ಷಕ್ಕೆ ಬ್ರಿಟನ್ನಿನ ಮಕ್ಕಳಿಗಿಂತ ಹೆಚ್ಚಾಗಿತ್ತು. ಪುಣೆಯ ಗ್ರಾಮಗಳಲ್ಲಿ ಡಾ. ಸಿ.ಎಸ್. ಯಾಜ್ಞಿಕ್ ಅವರ ತಂಡ ಇದೇ ಬಗೆಯ ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿತ್ತು. ಅಲ್ಲಿನ ಶಿಶುಗಳ ಸರಾಸರಿ ಜನನ ತೂಕ 2.7 ಕಿಲೋಗ್ರಾಂ, ಹೋಲಿಸಲಾದ ಇಂಗ್ಲೆಂಡಿನ ಶಿಶುಗಳದು 3.5 ಕಿಲೋಗ್ರಾಂ.

ಇದರ ತಾತ್ಪರ್ಯವೆಂದರೆ, ನಮ್ಮ ಮಕ್ಕಳು ಹೊರನೋಟಕ್ಕೆ ತೆಳ್ಳಗಿದ್ದರೂ ಮುಂಡದ ಭಾಗದಲ್ಲಿ ಕೊಬ್ಬು ಇರಬಹುದು. ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿಗೆ ಬೇಕಾಗಿರುವುದು ಎತ್ತರ ಮತ್ತು ಮಾಂಸಖಂಡ ಬೆಳೆಸುವ ಆಹಾರ. ಸಕ್ಕರೆ, ಬಿಸ್ಕತ್ತು, ಕರಿದ ತಿಂಡಿಗಳಿಂದ ತಕ್ಕಡಿಯ ಸಂಖ್ಯೆ ಏರಿದರೂ ಮಗುವಿನ ಸ್ಥಿತಿ ಸುಧಾರಿಸಿದಂತಾಗುವುದಿಲ್ಲ.

ರಾಜ್ಯದಲ್ಲಿ ಎರಡೂ ಸಮಸ್ಯೆಗಳು ಒಟ್ಟಿಗೆ ಇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಕುಂಠಿತ, ಶೇ. 19.5ರಷ್ಟು ಕೃಶ ಮತ್ತು ಶೇ. 3.2ರಷ್ಟು ಅತಿತೂಕದವರು.

6. ಅಳತೆಯ ವೇಳೆ ಗಮನಿಸಬೇಕಾದ ಅಂಶಗಳು

ಎತ್ತರದಲ್ಲಿ ಎರಡು ಸೆಂಟಿಮೀಟರ್ ತಪ್ಪಿದರೆ ಹತ್ತು ವರ್ಷದ ಮಗುವಿನ ಸೂಚ್ಯಂಕ ಸುಮಾರು ಅರ್ಧ ಅಂಕ ಬದಲಾಗುತ್ತದೆ. ಮಿತಿಯ ಅಂಚಿನಲ್ಲಿರುವ ಮಗುವಿನ ವರ್ಗವೇ ಬದಲಾಗಲು ಇಷ್ಟು ಸಾಕು. ಆದ್ದರಿಂದ ಪೋಷಕರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು.

(ಅ) ತಕ್ಕಡಿಯನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ಇಟ್ಟು, ಅದು ಸೊನ್ನೆ ತೋರಿಸಿದ ನಂತರವೇ ಮಗುವನ್ನು ನಿಲ್ಲಿಸಬೇಕು. ಚಾಪೆ ಅಥವಾ ಜಮಖಾನದ ಮೇಲೆ ಇಡಬಾರದು.

(ಆ) ಬಟ್ಟೆ ಹಗುರವಾಗಿರಬೇಕು. ಮಳೆಗಾಲದಲ್ಲಿ ಒದ್ದೆ ಬಟ್ಟೆ, ಸ್ವೆಟರ್, ಬೂಟು ಕಳಚಬೇಕು. ಬೆಳ್ಳಿಯ ನೇವಳ, ಕಾಲ್ಗೆಜ್ಜೆ, ಬಳೆಗಳನ್ನೂ ತೆಗೆದಿಡುವುದು ಲೇಸು.

(ಇ) ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಉದ್ದವನ್ನೂ, ಎರಡು ವರ್ಷ ತುಂಬಿದ ಮಗುವನ್ನು ನಿಲ್ಲಿಸಿ ಎತ್ತರವನ್ನೂ ಅಳೆಯಬೇಕು. ಒಂದೇ ಮಗುವಿಗೆ ಇವೆರಡರ ನಡುವೆ ಸರಾಸರಿ 0.7 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ.

(ಈ) ಎತ್ತರ ನೋಡುವಾಗ ಹಿಮ್ಮಡಿ, ಪೃಷ್ಠ ಮತ್ತು ಬೆನ್ನು ಹಲಗೆಗೆ ತಾಗಿರಬೇಕು, ದೃಷ್ಟಿ ನೇರವಾಗಿರಬೇಕು. ನೆತ್ತಿಯ ಮೇಲಿನ ಜುಟ್ಟು, ಹೂವು, ಕ್ಲಿಪ್ ಇರಬಾರದು.

(ಉ) ಜನ್ಮದಿನಾಂಕವನ್ನು ಜನನ ಪ್ರಮಾಣಪತ್ರದಿಂದಲೇ ಬರೆಯಿಸಬೇಕು. ವಯಸ್ಸು ಕೆಲವೇ ತಿಂಗಳು ತಪ್ಪಿದರೂ ಚಿಕ್ಕ ಮಗುವಿನ ಫಲಿತಾಂಶ ವ್ಯತ್ಯಾಸವಾಗುತ್ತದೆ.

(ಊ) ಫಲಿತಾಂಶದ ಬಗ್ಗೆ ಸಂಶಯವಿದ್ದಲ್ಲಿ ಅಂಗನವಾಡಿ ಕಾರ್ಯಕರ್ತೆಯವರನ್ನು ಮತ್ತೊಮ್ಮೆ ಅಳೆಯುವಂತೆ ಕೋರಬಹುದು. ಸಂಶಯ ಪರಿಹಾರವಾಗದಿದ್ದರೆ ವಲಯದ ಮೇಲ್ವಿಚಾರಕಿಯವರ ಗಮನಕ್ಕೆ ತರಬಹುದು.

ಒಂದು ದಿನದ ಅಳತೆಗಿಂತ ಹಲವು ತಿಂಗಳ ಅಳತೆಗಳನ್ನು ಸೇರಿಸುವ ರೇಖೆ ಹೆಚ್ಚು ವಿಶ್ವಾಸಾರ್ಹ. ರೇಖೆಯು ನಕ್ಷೆಯ ರೇಖೆಗಳಿಗೆ ಸಮಾಂತರವಾಗಿ ಏರುತ್ತಿದ್ದರೆ ಸಾಮಾನ್ಯವಾಗಿ ಚಿಂತೆಗೆ ಕಾರಣವಿಲ್ಲ. ಅದು ಚಪ್ಪಟೆಯಾದರೆ, ಕೆಳಗಿಳಿದರೆ ಅಥವಾ ಮೇಲಿನ ರೇಖೆಗಳನ್ನು ಒಂದೊಂದಾಗಿ ದಾಟತೊಡಗಿದರೆ ಸಲಹೆ ಪಡೆಯಬೇಕು.

7. ಲಭ್ಯವಿರುವ ಸೇವೆಗಳು

7.1 ಆರು ವರ್ಷದೊಳಗಿನ ಮಕ್ಕಳು

ಸಮೀಪದ ಅಂಗನವಾಡಿ ಕೇಂದ್ರದಲ್ಲಿ ಹೆಸರು ನೋಂದಾಯಿಸಬೇಕು. ಮಗುವಿನ ಜನನ ದಾಖಲೆ, ತಾಯಿ ಕಾರ್ಡ್ ಮತ್ತು ಪೋಷಕರ ಗುರುತಿನ ದಾಖಲೆಯನ್ನು ಜೊತೆಯಲ್ಲಿ ತರುವುದು. ತೂಕ ಮತ್ತು ಎತ್ತರದ ಅಳತೆ, ಪೂರಕ ಪೌಷ್ಟಿಕ ಆಹಾರ ಹಾಗೂ ಸಲಹೆ ಉಚಿತ. ಅಳತೆಗಳನ್ನು 2021ರಿಂದ ಪೋಷಣ್ ಟ್ರ್ಯಾಕರ್ ಎಂಬ ತಂತ್ರಾಂಶದಲ್ಲಿ ದಾಖಲಿಸಲಾಗುತ್ತಿದೆ. ದಾಖಲಾದ ಅಳತೆಯನ್ನು ತಾಯಿ ಕಾರ್ಡಿನಲ್ಲಿಯೂ ಬರೆಯಿಸಿಕೊಳ್ಳುವುದು ಪೋಷಕರ ಹಿತದೃಷ್ಟಿಯಿಂದ ಒಳ್ಳೆಯದು. ಊರು ಬದಲಿಸಿದಾಗ, ತವರಿಗೆ ಹೋದಾಗ ಅಥವಾ ವೈದ್ಯರನ್ನು ಕಂಡಾಗ ಆ ಕಾರ್ಡೇ ಮಗುವಿನ ಬೆಳವಣಿಗೆಯ ಚರಿತ್ರೆ.

7.2 ಆರರಿಂದ ಹದಿನೆಂಟು ವರ್ಷದವರು

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ವೈದ್ಯಕೀಯ ತಂಡಗಳು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ, ಅಂಗನವಾಡಿಗಳಿಗೆ ವರ್ಷಕ್ಕೆರಡು ಬಾರಿ ಭೇಟಿ ನೀಡುವ ವ್ಯವಸ್ಥೆಯಿದೆ. ತಪಾಸಣೆಯ ದಿನ ಮಗು ಗೈರುಹಾಜರಾಗಿದ್ದಲ್ಲಿ ಮುಖ್ಯೋಪಾಧ್ಯಾಯರ ಮೂಲಕ ವಿಚಾರಿಸಿ ಮುಂದಿನ ಅವಕಾಶ ತಿಳಿಯಬಹುದು. ಇತರ ಶಾಲೆಗಳ ಹಾಗೂ ವಸತಿ ಶಾಲೆಗಳ ಮಕ್ಕಳ ಪೋಷಕರು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಳತೆ ಮಾಡಿಸಬಹುದು. ವಸತಿ ಶಾಲೆಯ ಮಗು ರಜೆಗೆ ಮನೆಗೆ ಬಂದಾಗಲೆಲ್ಲ ಎತ್ತರ ಮತ್ತು ತೂಕ ಬರೆದಿಡುವುದು ಸೂಕ್ತ.

7.3 ಹೆಚ್ಚಿನ ಪರೀಕ್ಷೆ

ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಬಂಟ್ವಾಳ ಮತ್ತು ಬೆಳ್ತಂಗಡಿಯ ತಾಲ್ಲೂಕು ಆಸ್ಪತ್ರೆಗಳಿಗೆ, ಮೂಡುಬಿದಿರೆಯ ಸಮುದಾಯ ಆರೋಗ್ಯ ಕೇಂದ್ರಕ್ಕೆ ಹಾಗೂ ಅಗತ್ಯವಿದ್ದಲ್ಲಿ ಮಂಗಳೂರಿನ ವೆನ್ಲಾಕ್ ಜಿಲ್ಲಾ ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ತೀವ್ರ ಅಪೌಷ್ಟಿಕತೆಯ ಜೊತೆಗೆ ಬಾವು, ಸೋಂಕು ಅಥವಾ ಹಸಿವಿಲ್ಲದಿರುವಿಕೆ ಇರುವ ಮಕ್ಕಳನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ದಾಖಲಿಸಿಕೊಳ್ಳಲಾಗುತ್ತದೆ. ಅಲ್ಲಿ ತಾಯಿ ಅಥವಾ ಪೋಷಕರು ಮಗುವಿನೊಂದಿಗೆ ಸುಮಾರು ಎರಡು ವಾರ ತಂಗಬೇಕಾಗಬಹುದು. ಬೀಡಿ ಕಟ್ಟುವ, ತೋಟದ ಕೆಲಸ ಮಾಡುವ ತಾಯಂದಿರು ದಿನಗೂಲಿ ತಪ್ಪುವುದೆಂಬ ಚಿಂತೆಯಿಂದ ದಾಖಲಾತಿಯನ್ನು ಮುಂದೂಡಬಾರದು. ರಾಷ್ಟ್ರೀಯ ಆರೋಗ್ಯ ಅಭಿಯಾನದ ಮಾರ್ಗಸೂಚಿಯಲ್ಲಿ ಕೂಲಿ ನಷ್ಟ ಪರಿಹಾರಕ್ಕೆ ಅವಕಾಶವಿದ್ದು, ದಾಖಲಾಗುವಾಗಲೇ ಬ್ಯಾಂಕ್ ಪುಸ್ತಕ ತೋರಿಸಿ ವಿಚಾರಿಸುವುದು.

7.4 ವ್ಯಾಪ್ತಿ

ತಾಲ್ಲೂಕಿನ ಗಡಿಯೂ ಶಿಶು ಅಭಿವೃದ್ಧಿ ಯೋಜನೆಯ ಗಡಿಯೂ ಎಲ್ಲೆಡೆ ಒಂದೇ ಆಗಿರುವುದಿಲ್ಲ. ಬಂಟ್ವಾಳ ತಾಲ್ಲೂಕಿನಲ್ಲಿ ಬಂಟ್ವಾಳ ಮತ್ತು ವಿಟ್ಲ ಎಂಬ ಎರಡು ಯೋಜನೆಗಳಿವೆ. ಮೂಡುಬಿದಿರೆಯು ಹಿಂದೆ ಮಂಗಳೂರು ತಾಲ್ಲೂಕಿಗೆ ಸೇರಿತ್ತು. ಆದ್ದರಿಂದ ಅರ್ಜಿ ಅಥವಾ ಮನವಿ ಸಲ್ಲಿಸುವ ಮುನ್ನ ತಮ್ಮ ಅಂಗನವಾಡಿ ಯಾವ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರ ವ್ಯಾಪ್ತಿಗೆ ಸೇರಿದೆ ಎಂಬುದನ್ನು ಕೇಂದ್ರದಲ್ಲಿಯೇ ಕೇಳಿ ತಿಳಿದುಕೊಳ್ಳುವುದು.

8. ಫಲಿತಾಂಶ ಬಂದ ನಂತರ

ಅತಿತೂಕ ಎಂದು ಬಂದಲ್ಲಿ: ಬೆಳೆಯುವ ಮಗುವಿನ ತೂಕ ಇಳಿಸುವುದು ಸಾಮಾನ್ಯವಾಗಿ ಗುರಿಯಲ್ಲ. ತೂಕ ನಿಧಾನವಾಗಿ ಏರುವಂತೆ ನೋಡಿಕೊಂಡರೆ, ಎತ್ತರ ಹೆಚ್ಚಿದಂತೆ ಸೂಚ್ಯಂಕ ತಾನಾಗಿ ಇಳಿಯುತ್ತದೆ. ಸಿಹಿ ಪಾನೀಯ, ಬೇಕರಿ ತಿಂಡಿ, ಪೊಟ್ಟಣದ ಕುರುಕಲು ಕಡಿಮೆ ಮಾಡಿ, ದಿನಕ್ಕೆ ಒಂದು ಗಂಟೆಯಾದರೂ ಓಡಾಡುವ ಆಟಕ್ಕೆ ಬಿಡಬೇಕು. ಕತ್ತಿನ ಹಿಂಭಾಗದ ಚರ್ಮ ಕಪ್ಪಾಗಿ ದಪ್ಪವಾಗಿದ್ದರೆ, ನಿದ್ರೆಯಲ್ಲಿ ಜೋರಾಗಿ ಗೊರಕೆ ಇದ್ದರೆ ಅಥವಾ ಮಗು ದಪ್ಪವಾಗುತ್ತಾ ಎತ್ತರ ನಿಂತುಹೋಗಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು. ತೂಕ ಇಳಿಸುವ ಪುಡಿ, ಕಷಾಯ, ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ಮಕ್ಕಳಿಗೆ ಕೊಡಬಾರದು.

ಕೃಶತೆ ಎಂದು ಬಂದಲ್ಲಿ: ಗಂಜಿಯ ತಿಳಿ ಮಾತ್ರ ಸಾಲದು. ಕುಚ್ಚಲಕ್ಕಿ ಅನ್ನದೊಂದಿಗೆ ಹೆಸರುಕಾಳು, ಹುರುಳಿ, ಮೊಟ್ಟೆ, ಬೂತಾಯಿ ಅಥವಾ ಬಂಗುಡೆ ಮೀನು, ಹರಿವೆ, ಬಸಳೆ, ನುಗ್ಗೆಸೊಪ್ಪು, ಹಲಸಿನ ಬೀಜ ಇವುಗಳಲ್ಲಿ ಮನೆಯ ಪದ್ಧತಿಗೆ ಹೊಂದುವುದನ್ನು ದಿನಕ್ಕೆ ಹಲವು ಬಾರಿ ಕೊಡಬೇಕು. ಪದೇ ಪದೇ ಭೇದಿ, ಜ್ವರ, ಜಂತುಹುಳು ಇದ್ದಲ್ಲಿ ಚಿಕಿತ್ಸೆ ಕೊಡಿಸಬೇಕು.

ಮಗುವಿನ ಎದುರಿನಲ್ಲಿ ಅದರ ಮೈಕಟ್ಟಿನ ಬಗ್ಗೆ ಹಾಸ್ಯ ಮಾಡುವುದು, ಅಳತೆಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುವುದು ಸಲ್ಲದು.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕೊಬ್ಬಿನ ಅಳತೆಗಾಗಿ ಪ್ರತ್ಯೇಕ ಅರ್ಜಿ ಸಲ್ಲಿಸಬೇಕೆ?
ಉತ್ತರ: ಇಲ್ಲ. ತೂಕ ಮತ್ತು ಎತ್ತರದ ಅಳತೆಯಿಂದಲೇ ಆರಂಭವಾಗುತ್ತದೆ. ಮಡಿಕೆಯ ದಪ್ಪ ಮುಂತಾದ ಪರೀಕ್ಷೆ ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ.

ಪ್ರಶ್ನೆ: ಅಂಗನವಾಡಿಯಲ್ಲಿ ಸಾಮಾನ್ಯ ಎಂದರು, ಖಾಸಗಿ ವೈದ್ಯರು ಅತಿತೂಕ ಎಂದರು. ಯಾವುದು ಸರಿ?
ಉತ್ತರ: ಬಳಸಿದ ನಕ್ಷೆ ಬೇರೆಯಾಗಿರಬಹುದು. ಶಾಲಾ ವಯಸ್ಸಿನ ಮಕ್ಕಳಿಗಾಗಿರುವ 2015ರ ಭಾರತೀಯ ನಕ್ಷೆಯು ವಯಸ್ಕರ 23 ಮತ್ತು 27ರ ಸೂಚ್ಯಂಕಕ್ಕೆ ಹೊಂದುವ ಮಿತಿಗಳನ್ನು ಅನುಸರಿಸುವುದರಿಂದ ಮಗುವನ್ನು ಬೇಗ ಎಚ್ಚರಿಕೆಯ ವರ್ಗಕ್ಕೆ ಸೇರಿಸುತ್ತದೆ. ಯಾವ ನಕ್ಷೆ, ಯಾವ ದಿನದ ಅಳತೆ ಎಂದು ಕೇಳಿ, ಎರಡನ್ನೂ ಕಾರ್ಡಿನಲ್ಲಿ ಬರೆಯಿಸಿಕೊಳ್ಳುವುದು.

ಪ್ರಶ್ನೆ: ಮಗು ಅತಿತೂಕ ಎಂದು ದಾಖಲಾದರೆ ಅಂಗನವಾಡಿಯ ಆಹಾರ ನಿಲ್ಲಿಸಬೇಕೆ?
ಉತ್ತರ: ಬೇಡ. ಕಾಳು, ತರಕಾರಿ, ಮೊಟ್ಟೆ ಇರುವ ಊಟ ಆ ಮಗುವಿಗೂ ಬೇಕು. ಕಡಿಮೆ ಮಾಡಬೇಕಾದುದು ಊಟದ ನಡುವಿನ ಸಿಹಿ ಮತ್ತು ಕರಿದ ತಿಂಡಿ.

ಪ್ರಶ್ನೆ: ಹುಟ್ಟುವಾಗ ಎರಡೂವರೆ ಕಿಲೋಗ್ರಾಂಗಿಂತ ಕಡಿಮೆ ಇದ್ದ ಮಗುವನ್ನು ಬೇಗ ದಪ್ಪ ಮಾಡಬೇಕೆ?
ಉತ್ತರ: ಆರು ತಿಂಗಳವರೆಗೆ ಎದೆಹಾಲು ಮಾತ್ರ, ನಂತರ ಎದೆಹಾಲಿನೊಂದಿಗೆ ಪೂರಕ ಆಹಾರ ಕೊಟ್ಟು, ತೂಕದೊಂದಿಗೆ ಉದ್ದವೂ ಹೆಚ್ಚುತ್ತಿದೆಯೇ ಎಂಬುದನ್ನು ಪ್ರತಿ ತಿಂಗಳು ನೋಡಬೇಕು. ಎರಡೂ ಜೊತೆಯಾಗಿ ಏರುವುದೇ ಉತ್ತಮ ಬೆಳವಣಿಗೆ.

10. ಕೊನೆಯ ಸೂಚನೆ

ಈ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಇದ್ದು, ವೈದ್ಯರ ಪರೀಕ್ಷೆಗೆ ಬದಲಿಯಲ್ಲ. ಮಗುವಿನ ತೂಕ, ಎತ್ತರ, ದಿನಾಂಕ ಈ ಮೂರನ್ನು ತಪ್ಪದೆ ಒಂದೇ ಕಾರ್ಡಿನಲ್ಲಿ ಬರೆಯಿಸಿ, ಪ್ರತಿ ಭೇಟಿಯಲ್ಲಿ ಹಿಂದಿನ ಸಂಖ್ಯೆಯೊಂದಿಗೆ ಹೋಲಿಸಿ ನೋಡುವಂತೆ ಪೋಷಕರಲ್ಲಿ ಕೋರಲಾಗಿದೆ. ಕಾರ್ಡಿನಲ್ಲಿ ಎತ್ತರದ ಜಾಗ ಖಾಲಿ ಇದ್ದರೆ ಅಂದೇ ಅಳೆಯಿಸಿ ತುಂಬಿಸಿಕೊಳ್ಳತಕ್ಕದ್ದು. ಎತ್ತರವಿಲ್ಲದ ತೂಕದಿಂದ ಮಗು ಸೊರಗಿದೆಯೇ ಅಥವಾ ಕೊಬ್ಬಿದೆಯೇ ಎಂದು ಯಾರೂ ಹೇಳಲಾರರು.